ಅರುಂಧತಿ ನಕ್ಷತ್ರ ನೋಡಿದಿರಾ?

ನಮ್ಮ ಕಡೆ ಎಷ್ಟೋ ಮದುವೆಗಳಲ್ಲಿ ಒಂದು ಶಾಸ್ತ್ರ ಇದೆ. ತಾಳಿ ಕಟ್ಟಿದ್ದಾಯಿತು. ಸಪ್ತಪದಿ ಆಯಿತು. ಆಮೇಲೆ ಪುರೋಹಿತರು ಗಂಡು ಹೆಣ್ಣನ್ನು ಚಪ್ಪರದಿಂದ ಹೊರಗೆ ಕರೆದುಕೊಂಡು ಬರುತ್ತಾರೆ. ಆಕಾಶದ ಕಡೆ ಕೈ ತೋರಿಸುತ್ತಾರೆ.

"ಅಗೋ, ಅರುಂಧತಿ ನಕ್ಷತ್ರ. ಕಾಣಿಸ್ತೇನಮ್ಮಾ?"

ಮದುಮಗಳು ತಲೆ ಎತ್ತುತ್ತಾಳೆ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಏನೂ ಕಾಣುವುದಿಲ್ಲ. ಆದರೂ "ಹೂಂ, ಕಾಣಿಸ್ತು" ಅನ್ನುತ್ತಾಳೆ. ಮದುಮಗನೂ ಹೂಂ ಅನ್ನುತ್ತಾನೆ. ಸುತ್ತ ನಿಂತವರು ನಗುತ್ತಾರೆ. ಊಟಕ್ಕೆ ಎಲೆ ಹಾಕಲು ಶುರುವಾಗುತ್ತದೆ.

ನಿಮ್ಮ ಮದುವೆಯಲ್ಲೂ ಹೀಗೇ ಆಗಿತ್ತಾ?

ಹಗಲು ಹೊತ್ತಿನಲ್ಲಿ ನಕ್ಷತ್ರ ಕಾಣುವುದಿಲ್ಲ. ಸೂರ್ಯನ ಬೆಳಕಿನ ಮುಂದೆ ಅದರ ಬೆಳಕು ಏನೂ ಅಲ್ಲ. ಇದು ಎಲ್ಲರಿಗೂ ಗೊತ್ತು. ಆದರೆ ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ವೈಶಾಖ ಮಾಸ ಅಂದರೆ ಮದುವೆಗಳ ಕಾಲ. ಆ ತಿಂಗಳಲ್ಲಿ ನಡುಹಗಲು ಅರುಂಧತಿ ಆಕಾಶದಲ್ಲೇ ಇರುವುದಿಲ್ಲ! ಅದು ಆಗ ಭೂಮಿಯ ಆ ಬದಿಗೆ ಇರುತ್ತದೆ. ಮಧ್ಯಾಹ್ನ ಮೂರು, ನಾಲ್ಕು ಗಂಟೆಗೆ ಮೂಡುತ್ತದೆ. ಪುರೋಹಿತರು ಕೈ ತೋರಿಸಿದ್ದು ಬರೀ ಆಕಾಶದ ಕಡೆಗೆ.

ಹಾಗಾದರೆ ಹಿಂದಿನವರು ಹೀಗೆ ಯಾಕೆ ಮಾಡಿದರು? ಹಿಂದಿನವರು ಹೀಗೆ ಮಾಡಿರಲಿಲ್ಲ. ಮದುವೆಯ ವಿಧಿ ಹೇಳುವ ಹಳೆಯ ಗೃಹ್ಯಸೂತ್ರಗಳಲ್ಲಿ, ರಾತ್ರಿ ನಕ್ಷತ್ರ ಮೂಡಿದ ಮೇಲೆ ಧ್ರುವನನ್ನೂ ಅರುಂಧತಿಯನ್ನೂ ತೋರಿಸಬೇಕು ಎಂದೇ ಇದೆ. ಈಗ ಮದುವೆ ಹಗಲಿಗೆ ಬಂತು. ಛತ್ರ ಬೇಗ ಬಿಡಬೇಕು. ಬಸ್ಸು ಹಿಡಿಯಬೇಕು. ನಕ್ಷತ್ರಕ್ಕೆ ಕಾಯಲು ಯಾರಿಗೂ ಪುರುಸೊತ್ತಿಲ್ಲ.

ಆವತ್ತು ನೋಡದ ಅರುಂಧತಿಯನ್ನು ಈಗ ನೋಡೋಣ. ಇದನ್ನು ನೋಡಲು ಮುತ್ತೈದೆಯೇ ಆಗಬೇಕೆಂದಿಲ್ಲ. ಗಂಡ ತೀರಿಕೊಂಡವರು ನೋಡಬಹುದು. ಮದುವೆ ಆಗದವರು ನೋಡಬಹುದು. ಗಂಡ ಬಿಟ್ಟವರೂ ನೋಡಬಹುದು. ಆಕಾಶಕ್ಕೆ ಆಮಂತ್ರಣ ಪತ್ರ ಬೇಕಾಗಿಲ್ಲ.

ಎಲ್ಲಿ ನೋಡಬೇಕು?

ಏಪ್ರಿಲ್ ಮತ್ತು ಮೇ ತಿಂಗಳು ಇದಕ್ಕೆ ಒಳ್ಳೆಯ ಕಾಲ. ರಾತ್ರಿ ಎಂಟು, ಎಂಟೂವರೆ ಗಂಟೆ ಆಗಿರಲಿ. ಬೀದಿದೀಪ ಇಲ್ಲದ ಕಡೆ ನಿಲ್ಲಿ. ಕಣದಲ್ಲಿ ನಿಲ್ಲಬಹುದು. ಮಾಳಿಗೆ ಮೇಲೆ ನಿಲ್ಲಬಹುದು. ಸಂಜೆ ಕಲಿಕೆ ಮುಗಿಸಿ ಮನೆಗೆ ಬರುವಾಗ ದಾರಿಯಲ್ಲೇ ನೋಡಬಹುದು. ಬೆಳಕಿನಿಂದ ಕತ್ತಲೆಗೆ ಬಂದ ಕೂಡಲೇ ಕಣ್ಣಿಗೆ ಏನೂ ಸರಿಯಾಗಿ ಕಾಣುವುದಿಲ್ಲ. ಹತ್ತು ನಿಮಿಷ ತಾಳಿ. ಕಣ್ಣು ಕತ್ತಲೆಗೆ ಒಗ್ಗಬೇಕು.

ಉತ್ತರಕ್ಕೆ ಮುಖ ಮಾಡಿ. ಸೂರ್ಯ ಹುಟ್ಟುವ ದಿಕ್ಕು ನಿಮ್ಮ ಬಲಗೈಗೆ ಬರಲಿ. ತಲೆ ಎತ್ತಿ ನೋಡಿ. ಏಳು ನಕ್ಷತ್ರ ಒಂದು ಸೌಟಿನ ಹಾಗೆ ಕಾಣುತ್ತವೆ. ನಾಲ್ಕು ನಕ್ಷತ್ರ ಸೇರಿ ಸೌಟಿನ ಬಟ್ಟಲು. ಮೂರು ನಕ್ಷತ್ರ ಸೇರಿ ಸೌಟಿನ ಹಿಡಿ. ಆ ಹೊತ್ತಿಗೆ ಸೌಟನ್ನು ಬೋರಲು ಹಾಕಿದ ಹಾಗೆ ಇರುತ್ತದೆ. ಹಿಡಿ ಬಲಗಡೆಗೆ ಇರುತ್ತದೆ. ಇದೇ ಸಪ್ತರ್ಷಿ ಮಂಡಲ.

ಹಿಡಿಯಲ್ಲಿ ಮೂರು ನಕ್ಷತ್ರ ಇವೆಯಲ್ಲ, ಅದರಲ್ಲಿ ನಡುವಿನದು ವಸಿಷ್ಠ. ಈಗ ಅದನ್ನೇ ದಿಟ್ಟಿಸಿ ನೋಡಿ. ಅದರ ಪಕ್ಕದಲ್ಲಿ, ಬಲಗಡೆಗೆ, ಅಂಟಿಕೊಂಡ ಹಾಗೆ ಒಂದು ಸಣ್ಣ ನಕ್ಷತ್ರ ಇದೆ. ಮೂಗಿನ ಪಕ್ಕದಲ್ಲಿ ಮೂಗುಬೊಟ್ಟು ಇದ್ದ ಹಾಗೆ.

ಅದೇ ಅರುಂಧತಿ.

ಅವೆರಡರ ನಡುವೆ ಎಷ್ಟು ಜಾಗ? ಹುಣ್ಣಿಮೆ ಚಂದ್ರನ ಅಗಲವನ್ನು ನೆನೆಸಿಕೊಳ್ಳಿ. ಅದರ ಅರ್ಧಕ್ಕಿಂತ ಕಡಿಮೆ.

ಜೂನ್ ಬಂದರೆ ಮೋಡ ಕವಿಯುತ್ತದೆ. ದೀಪಾವಳಿ ಹೊತ್ತಿಗೆ ಸಂಜೆಯಲ್ಲಿ ಸಪ್ತರ್ಷಿ ಮಂಡಲ ಕಾಣುವುದಿಲ್ಲ. ಆಗ ಬೆಳಗಿನ ಜಾವ ಏಳಬೇಕು. ರಂಗೋಲಿ ಹಾಕಲು, ಸಗಣಿ ಸಾರಿಸಲು ಏಳುವ ಹೊತ್ತಿಗೆ ಈಶಾನ್ಯ ಮೂಲೆಯಲ್ಲಿ ನೋಡಿ.

ಕಾಣದಿದ್ದರೆ?

ಇಲ್ಲಿ ಒಂದು ಹೆದರಿಕೆಯ ಮಾತಿದೆ. ಅರುಂಧತಿ ಕಾಣದವರು ಆರು ತಿಂಗಳಲ್ಲಿ ಸಾಯುತ್ತಾರಂತೆ. ಹಿರಿಯರು ಹೀಗೆ ಹೇಳುವುದನ್ನು ನೀವೂ ಕೇಳಿರಬಹುದು.

ಇದು ನಿಜ ಅಲ್ಲ. ಸ್ವಲ್ಪ ಯೋಚಿಸಿ. ವಯಸ್ಸಾದ ಮೇಲೆ ಕಣ್ಣು ಮಂಜಾಗುತ್ತದೆ. ಸಣ್ಣ ನಕ್ಷತ್ರ ಕಾಣುವುದಿಲ್ಲ. ವಯಸ್ಸಾದವರು ಮುಂದೆ ಒಂದು ದಿನ ತೀರಿಕೊಳ್ಳುತ್ತಾರೆ. ಎರಡನ್ನೂ ಜನ ಸೇರಿಸಿ ಕಟ್ಟಿದರು. ಕಣ್ಣು ಕಾಣದಿರುವುದು ಬೇರೆ. ಸಾವು ಬೇರೆ.

ಈ ಮಾತಿನಿಂದ ಕೆಡುಕೂ ಆಗುತ್ತದೆ. ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾಳೆ ಅನ್ನಿ. ಅವಳಿಗೆ ನಕ್ಷತ್ರ ಕಾಣುವುದಿಲ್ಲ. ಅಕ್ಕಿಯಲ್ಲಿ ಕಲ್ಲು ಕಾಣುವುದಿಲ್ಲ. ಮೆಟ್ಟಿಲು ಕಾಣದೆ ಎಡವುತ್ತಾಳೆ. "ಇನ್ನೇನು, ಕಾಲ ಹತ್ತಿರ ಬಂತು" ಅಂತ ಮನೆಯವರು ಸುಮ್ಮನಾಗುತ್ತಾರೆ. ಅಜ್ಜಿಯೂ ಮೂಲೆ ಸೇರುತ್ತಾಳೆ. ಆದರೆ ಅವಳಿಗೆ ಬಂದದ್ದು ಕಣ್ಣಿನ ಪೊರೆ ಇರಬಹುದು. ಪೊರೆಯನ್ನು ತೆಗೆಯಬಹುದು. ಅದಕ್ಕೆ ಆಪರೇಷನ್ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ, ಕಣ್ಣಿನ ಶಿಬಿರಗಳಲ್ಲಿ ಹಣ ಕೊಡದೆ ಮಾಡಿಸಬಹುದು. ದೇಶದಲ್ಲಿ ಕುರುಡುತನ ತಡೆಯುವ ಕಾರ್ಯಕ್ರಮ 1976ರಲ್ಲೇ ಶುರುವಾಗಿದೆ. ಪೊರೆ ತೆಗೆಸಿದ ಅಜ್ಜಿ ಮತ್ತೆ ಅಕ್ಕಿ ಆರಿಸುತ್ತಾಳೆ. ಬೇಕಾದರೆ ಅರುಂಧತಿಯನ್ನೂ ನೋಡುತ್ತಾಳೆ.

ಮನೆಯಲ್ಲಿ ಗಂಡಸರಿಗೆ ಕಣ್ಣು ಮಂಜಾದರೆ ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಹೆಂಗಸರ ಕಣ್ಣಿಗೆ "ನೋಡೋಣ, ಸುಗ್ಗಿ ಮುಗೀಲಿ" ಅನ್ನುತ್ತಾರೆ. ಹೆಂಗಸರೇ ಹಾಗೆ ಅಂದುಕೊಳ್ಳುವುದೂ ಉಂಟು.

ಅರಬ್ ದೇಶದ ಜನರೂ ಹಿಂದಿನ ಕಾಲದಲ್ಲಿ ಈ ನಕ್ಷತ್ರವನ್ನು ಬಲ್ಲರು. ಅವರು ಇದರಿಂದ ಕಣ್ಣು ಪರೀಕ್ಷೆ ಮಾಡುತ್ತಿದ್ದರು. ಚಿಕ್ಕ ನಕ್ಷತ್ರ ಕಂಡರೆ ಕಣ್ಣು ಚುರುಕು. ಕಾಣದಿದ್ದರೆ ಕಣ್ಣು ಮಂದ. ಅಷ್ಟೇ. ಇದು ಸರಿಯಾದ ದಾರಿ.

ನೀವೂ ಹೀಗೆ ನೋಡಿ. ಮೊದಲು ಎಡಗಣ್ಣು ಮುಚ್ಚಿ ನೋಡಿ. ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಒಂದು ಕಣ್ಣಿಗೆ ಕಂಡು ಇನ್ನೊಂದಕ್ಕೆ ಕಾಣದೆ ಇರಬಹುದು. ಎರಡು ಕಣ್ಣೂ ತೆರೆದಿದ್ದಾಗ ಅದು ನಮಗೆ ಗೊತ್ತೇ ಆಗುವುದಿಲ್ಲ. ಒಂದೇ ರಾತ್ರಿ ನೋಡಿ ಗಾಬರಿ ಆಗಬೇಡಿ. ಬೆಳದಿಂಗಳು ಜೋರಾಗಿದ್ದರೆ, ಮಂಜು ಇದ್ದರೆ, ಪಕ್ಕದಲ್ಲಿ ದೀಪ ಇದ್ದರೆ ಒಳ್ಳೆಯ ಕಣ್ಣಿಗೂ ಕಾಣದು. ಅಮಾವಾಸ್ಯೆಯ ಆಸುಪಾಸು ಮತ್ತೆ ನೋಡಿ. ಉಳಿದವರಿಗೆಲ್ಲ ಕಂಡು ನಿಮಗೆ ಕಾಣದಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಎಷ್ಟೋ ಸಲ ಬರೀ ಕನ್ನಡಕ ಸಾಕು.

ಮಕ್ಕಳಿಗೂ ತೋರಿಸಿ. ಮಗು ಸಂಜೆ ಆದ ಕೂಡಲೇ ತಡವರಿಸುತ್ತದೆಯಾ? ತಟ್ಟೆ ಎಲ್ಲಿದೆ ಅಂತ ಕೈಯಲ್ಲಿ ಹುಡುಕುತ್ತದೆಯಾ? ಅದು ಇರುಳುಗಣ್ಣು ಇರಬಹುದು. 'ಎ' ಜೀವಸತ್ವ ಕಡಿಮೆ ಆದಾಗ ಇರುಳುಗಣ್ಣು ಬರುತ್ತದೆ. ಬಸುರಿ ಹೆಂಗಸರಿಗೂ ಬರುತ್ತದೆ. ಹಾಗೇ ಬಿಟ್ಟರೆ ಮಗುವಿನ ಕಣ್ಣೇ ಹೋಗಬಹುದು. ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಪರಂಗಿ ಹಣ್ಣು, ಗಜ್ಜರಿ, ಮೊಟ್ಟೆ, ಹಾಲು ಇವುಗಳಿಂದ ಈ ಜೀವಸತ್ವ ಸಿಗುತ್ತದೆ. ಸೊಪ್ಪಿಗೆ ಒಂದಿಷ್ಟು ಎಣ್ಣೆಯ ಒಗ್ಗರಣೆ ಹಾಕಿ. ಎಣ್ಣೆ ಇದ್ದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಒಂಬತ್ತು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಆರೋಗ್ಯ ಕೇಂದ್ರದಲ್ಲಿ ಈ ಜೀವಸತ್ವದ ಔಷಧಿ ಕುಡಿಸುತ್ತಾರೆ. ತಪ್ಪಿಸಬೇಡಿ.

ಇಷ್ಟು ಕಣ್ಣಿನ ಮಾತಾಯಿತು. ಈಗ ನಕ್ಷತ್ರದ ಮಾತಿಗೆ ಬರೋಣ.

ನಕ್ಷತ್ರ ಅಂದರೆ ಏನು?

ನಕ್ಷತ್ರ ಅಂದರೆ ಸೂರ್ಯ. ನಮ್ಮ ಸೂರ್ಯನೂ ಒಂದು ನಕ್ಷತ್ರವೇ. ಹತ್ತಿರ ಇರುವುದರಿಂದ ದೊಡ್ಡದಾಗಿ ಕಾಣುತ್ತದೆ, ಬಿಸಿ ತಾಗುತ್ತದೆ. ಉಳಿದ ನಕ್ಷತ್ರಗಳು ಬಹಳ ದೂರ ಇವೆ. ಅದಕ್ಕೇ ಚುಕ್ಕಿ. ಕೈಯಲ್ಲಿರುವ ಲಾಟೀನು ಮನೆಯನ್ನೇ ಬೆಳಗುತ್ತದೆ. ಅದೇ ಲಾಟೀನು ಆಚೆ ಗುಡ್ಡದ ಮೇಲಿದ್ದರೆ ಮಿಣುಕು ಹುಳದಷ್ಟು ಕಾಣುತ್ತದೆ. ಅರುಂಧತಿ ನಮ್ಮ ಸೂರ್ಯನಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬೆಳಕು ಕೊಡುವ ನಕ್ಷತ್ರ. ಆದರೂ ನಮಗೆ ಕಾಣುವುದು ಸಾಸಿವೆಕಾಳಿನಷ್ಟು.

ಎಷ್ಟು ದೂರ? ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರ. ಗಂಟೆಗೆ 60 ಕಿಲೋಮೀಟರ್ ಓಡುವ ಬಸ್ಸು ಎಲ್ಲೂ ನಿಲ್ಲದೆ ಹೋದರೆ ಸೂರ್ಯನನ್ನು ಮುಟ್ಟಲು ಸುಮಾರು 285 ವರ್ಷ ಬೇಕು. ಬೆಳಕು ಬಸ್ಸಿನ ಹಾಗಲ್ಲ. ಒಂದು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. ಸೂರ್ಯನ ಬೆಳಕು ಎಂಟು ನಿಮಿಷ ಚಿಲ್ಲರೆಯಲ್ಲಿ ನಮ್ಮ ಅಂಗಳಕ್ಕೆ ಬರುತ್ತದೆ. ವಸಿಷ್ಠ, ಅರುಂಧತಿಯ ಬೆಳಕು ಬರಲು ಎಷ್ಟು ಹೊತ್ತು ಬೇಕು ಗೊತ್ತಾ? ಸುಮಾರು 80 ವರ್ಷ. ಇವತ್ತು ರಾತ್ರಿ ನಿಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟದ್ದು ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ 1947ರ ಆಸುಪಾಸಿನಲ್ಲಿ. ಆಗ ನಿಮ್ಮ ಅಜ್ಜಿ ಚಿಕ್ಕ ಹುಡುಗಿ ಇದ್ದಿರಬೇಕು.

ಇಷ್ಟು ದೂರ ಇದ್ದರೂ ಇದು ಹತ್ತಿರದ ನಕ್ಷತ್ರ ಅನ್ನಬೇಕು. ಬೆಳಕು ಸಾವಿರಾರು ವರ್ಷ ಓಡಿದ ಮೇಲೆ ನಮಗೆ ಕಾಣುವ ನಕ್ಷತ್ರಗಳೂ ಇವೆ.

ಒಂದು ಕಂಡರೆ ನಾಲ್ಕು

ನಾವು ಬರಿಗಣ್ಣಿಗೆ ನೋಡುವುದು ಎರಡು ನಕ್ಷತ್ರ. ವಸಿಷ್ಠ ಒಂದು, ಅರುಂಧತಿ ಒಂದು. ಆದರೆ ಅಲ್ಲಿ ಇರುವುದು ಎರಡಲ್ಲ.

ಸುಮಾರು 400 ವರ್ಷದ ಹಿಂದೆ ಇಟಲಿ ದೇಶದಲ್ಲಿ ಗೆಲಿಲಿಯೋ ಎಂಬ ವಿಜ್ಞಾನಿ ಇದ್ದರು. ದುರ್ಬೀನಿನಿಂದ ಆಕಾಶ ನೋಡಿದ ಮೊದಲಿಗರಲ್ಲಿ ಅವರೊಬ್ಬರು. ಅವರ ಶಿಷ್ಯ ಕಾಸ್ಟೆಲ್ಲಿ. 1617ರಲ್ಲಿ ಈ ಇಬ್ಬರೂ ವಸಿಷ್ಠವನ್ನು ದುರ್ಬೀನಿನಲ್ಲಿ ನೋಡಿದರು. ಒಂದೇ ನಕ್ಷತ್ರ ಎರಡಾಗಿ ಕಂಡಿತು! ಅರುಂಧತಿಯನ್ನು ಬಿಟ್ಟು, ವಸಿಷ್ಠವೇ ಎರಡು. ಎರಡೂ ಒಂದನ್ನೊಂದು ಸುತ್ತುತ್ತವೆ. ಒಂದು ಸುತ್ತು ಮುಗಿಯಲು ಸಾವಿರಾರು ವರ್ಷ ಬೇಕು.

ಅಲ್ಲಿಗೂ ಮುಗಿಯಲಿಲ್ಲ. ಆ ಎರಡರಲ್ಲಿ ಒಂದೊಂದೂ ಮತ್ತೆ ಎರಡೆರಡು! ಅವು ಎಷ್ಟು ಹತ್ತಿರ ಇವೆ ಅಂದರೆ, ಆಗಿನ ಎಷ್ಟು ದೊಡ್ಡ ದುರ್ಬೀನಿನಲ್ಲಿ ನೋಡಿದರೂ ಒಂದೇ ಚುಕ್ಕಿ. ಕಾಣದೇ ಇದ್ದದ್ದು ಎರಡು ಇದೆ ಅಂತ ಹೇಗೆ ಗೊತ್ತಾಯಿತು? ಇದು ಸ್ವಾರಸ್ಯದ ವಿಷಯ. ನಿಧಾನವಾಗಿ ಓದಿ.

ಪಂಚಮಿ ಹಬ್ಬದಲ್ಲಿ ಹುಡುಗಿಯರು ಫುಗಡಿ ಆಡುವುದನ್ನು ನೋಡಿದ್ದೀರಾ? ಇಬ್ಬರು ಎದುರು ಬದುರು ನಿಲ್ಲುತ್ತಾರೆ. ಕೈಗೆ ಕೈ ಹಿಡಿದು ಗಿರಗಿರ ತಿರುಗುತ್ತಾರೆ. ನೀವು ದೂರದಲ್ಲಿ ನಿಂತು ನೋಡುತ್ತೀರಿ. ಒಬ್ಬಳು ನಿಮ್ಮ ಕಡೆ ಬರುತ್ತಿರುವಾಗ ಇನ್ನೊಬ್ಬಳು ನಿಮ್ಮಿಂದ ದೂರ ಹೋಗುತ್ತಿರುತ್ತಾಳೆ. ಅರ್ಧ ಸುತ್ತು ಆದ ಮೇಲೆ ಅವಳು ಬರುತ್ತಾಳೆ, ಇವಳು ಹೋಗುತ್ತಾಳೆ. ಜೋಡಿ ನಕ್ಷತ್ರಗಳದ್ದೂ ಇದೇ ಫುಗಡಿ. ಅವಕ್ಕೆ ಕೈ ಇಲ್ಲ. ಒಂದನ್ನೊಂದು ಎಳೆದು ಹಿಡಿದಿರುವುದು ಆಕರ್ಷಣೆಯ ಬಲ. ನಾವು ಎಸೆದ ಕಲ್ಲನ್ನು ಭೂಮಿ ಕೆಳಗೆ ಎಳೆಯುತ್ತದಲ್ಲ, ಅದೇ ಬಲ.

ಬರುವುದು, ಹೋಗುವುದು ಬೆಳಕಿನಿಂದ ತಿಳಿಯುತ್ತದೆ. ಹೇಗೆ? ಬಸ್ಸಿನ ಹಾರ್ನ್ ನೆನೆಸಿಕೊಳ್ಳಿ. ಹಾರ್ನ್ ಹೊಡೆಯುತ್ತಾ ಬಸ್ಸು ನಮ್ಮ ಕಡೆ ಬರುವಾಗ ದನಿ ಕೀಚಲು. ನಮ್ಮನ್ನು ದಾಟಿ ಹೋದ ಕೂಡಲೇ ದನಿ ದಪ್ಪ. ಬೆಳಕಿಗೂ ಹೀಗೇ ಆಗುತ್ತದೆ. ನಕ್ಷತ್ರದ ಬೆಳಕನ್ನು ಮೂರು ಮೂಲೆಯ ಗಾಜಿನಲ್ಲಿ ಹಾಯಿಸಿದರೆ ಕಾಮನಬಿಲ್ಲಿನ ಹಾಗೆ ಬಣ್ಣದ ಪಟ್ಟಿ ಬರುತ್ತದೆ. ಆ ಪಟ್ಟಿಯ ನಡುನಡುವೆ ಕಪ್ಪು ಗೆರೆಗಳು ಇರುತ್ತವೆ, ಸೀರೆಯ ಅಂಚಿನಲ್ಲಿ ಗೆರೆ ನೆಯ್ದ ಹಾಗೆ. ನಕ್ಷತ್ರ ನಮ್ಮ ಕಡೆ ಬರುತ್ತಿದ್ದರೆ ಗೆರೆಗಳು ನೀಲಿ ಬಣ್ಣದ ಕಡೆಗೆ ಸ್ವಲ್ಪ ಸರಿಯುತ್ತವೆ. ದೂರ ಹೋಗುತ್ತಿದ್ದರೆ ಕೆಂಪಿನ ಕಡೆಗೆ ಸರಿಯುತ್ತವೆ.

ವಸಿಷ್ಠದ ಬೆಳಕಿನಲ್ಲಿ ಏನಾಯಿತು ಅಂದರೆ, ಕೆಲವು ರಾತ್ರಿ ತೆಗೆದ ಫೋಟೋದಲ್ಲಿ ಒಂದು ಗೆರೆ ಒಂದೇ ಇತ್ತು. ಬೇರೆ ಕೆಲವು ರಾತ್ರಿ ಅದೇ ಗೆರೆ ಎರಡಾಗಿತ್ತು. ಒಂದು ನೀಲಿ ಕಡೆ, ಇನ್ನೊಂದು ಕೆಂಪು ಕಡೆ. ಅಂದರೆ ಒಂದು ನಕ್ಷತ್ರ ಬರುತ್ತಿದೆ. ಇನ್ನೊಂದು ಹೋಗುತ್ತಿದೆ. ಹಾಗಾದರೆ ಅಲ್ಲಿ ಇಬ್ಬರಿದ್ದಾರೆ! ಈ ಜೋಡಿ ಸುಮಾರು ಇಪ್ಪತ್ತೂವರೆ ದಿನಕ್ಕೆ ಒಂದು ಸುತ್ತು ಹಾಕುತ್ತದೆ. ಎರಡೂ ಹೆಚ್ಚು ಕಡಿಮೆ ಒಂದೇ ತೂಕ.

ಗೆರೆ ನೋಡಿದ ಹೆಂಗಸರು

ಇದನ್ನು ಪ್ರಕಟಿಸಿದ್ದು 1889ರಲ್ಲಿ. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ. ಅಲ್ಲಿನ ಮುಖ್ಯಸ್ಥರು ಪಿಕರಿಂಗ್ ಎಂಬುವರು. ಆದರೆ ಆ ಗಾಜಿನ ಫೋಟೋಗಳನ್ನು ಒಂದೊಂದಾಗಿ ಹಿಡಿದು, ಭೂತಗಾಜು ಇಟ್ಟು, ಗೆರೆ ಲೆಕ್ಕ ಹಾಕುತ್ತಿದ್ದವರು ಹೆಂಗಸರು. ಒಂದು ಕೋಣೆಯ ತುಂಬ ಹೆಂಗಸರು. ಆ ಕಾಲದಲ್ಲಿ ಹೆಂಗಸರನ್ನು ದುರ್ಬೀನಿನ ಹತ್ತಿರ ರಾತ್ರಿ ಕೆಲಸಕ್ಕೆ ಬಿಡುತ್ತಿರಲಿಲ್ಲ. ಹಗಲು ಕೂತು ಫೋಟೋ ನೋಡುವ ಕೆಲಸ ಕೊಟ್ಟರು. ಕೂಲಿ ಗಂಡಸರಿಗಿಂತ ಬಹಳ ಕಡಿಮೆ.

ವಸಿಷ್ಠದ ಗೆರೆಗಳನ್ನು ಕೂಲಂಕಷವಾಗಿ ನೋಡಿದವರು ಆಂಟೋನಿಯಾ ಮೌರಿ. ಆಗ ಅವರಿಗೆ ಇನ್ನೂ 23 ವರ್ಷ. ಪಿಕರಿಂಗ್ ಬರೆದ ಲೇಖನದಲ್ಲಿ ಅವರ ಹೆಸರು ಒಂದು ಕಡೆ ಬಂದಿದೆ. ಅದೇ ವರ್ಷ ಮೌರಿ ಇಂಥದೇ ಇನ್ನೊಂದು ಜೋಡಿಯನ್ನು ತಾವೇ ಕಂಡುಹಿಡಿದರು. ಅದು ನಾಲ್ಕೇ ದಿನಕ್ಕೆ ಒಂದು ಸುತ್ತು ಹಾಕುವ ಜೋಡಿ.

ಅದೇ ಕೋಣೆಯಲ್ಲಿ ಇನ್ನೊಬ್ಬ ಹೆಂಗಸು ಇದ್ದರು. ಹೆಸರು ವಿಲಿಯಮಿನಾ ಫ್ಲೆಮಿಂಗ್. ಅವರ ಕತೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅವರು ಸ್ಕಾಟ್ಲೆಂಡಿನಲ್ಲಿ 1857ರಲ್ಲಿ ಹುಟ್ಟಿದರು. ಗಂಡನ ಜೊತೆ ಅಮೆರಿಕಕ್ಕೆ ಬಂದರು. ಬಸುರಿ ಇದ್ದಾಗಲೇ ಗಂಡ ಬಿಟ್ಟುಹೋದ. ಪರದೇಶ. ಹೊಟ್ಟೆಯಲ್ಲಿ ಮಗು. ಏನು ಮಾಡಬೇಕು? ಅವರು ಪಿಕರಿಂಗ್ ಅವರ ಮನೆಯಲ್ಲಿ ಮನೆಗೆಲಸಕ್ಕೆ ಸೇರಿದರು. ಆಮೇಲೆ 1881ರಲ್ಲಿ ವೀಕ್ಷಣಾಲಯದಲ್ಲೇ ಕೆಲಸ ಸಿಕ್ಕಿತು. ಮೊದಲು ನಕಲು ಮಾಡುವ, ಲೆಕ್ಕ ಹಾಕುವ ಕೆಲಸ. ನಿಧಾನವಾಗಿ ನಕ್ಷತ್ರಗಳನ್ನು ಅವುಗಳ ಗೆರೆ ನೋಡಿ ಬೇರೆ ಬೇರೆ ಗುಂಪು ಮಾಡುವ ಕ್ರಮ ರೂಪಿಸಿದರು. 1890ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಅಚ್ಚಾಯಿತು. ಅದರಲ್ಲಿ ಬಹುಪಾಲು ಕೆಲಸ ಅವರದು. ಮನೆಗೆಲಸದವಳು ಅಂತ ಬಂದವರು ಕೊನೆಗೆ ಆ ಗಾಜಿನ ಫೋಟೋಗಳ ಇಡೀ ಭಂಡಾರಕ್ಕೆ ಮೇಲ್ವಿಚಾರಕಿ ಆದರು.

1900ರಲ್ಲಿ ಅವರು ಒಂದು ದಿನಚರಿ ಬರೆದರು. ಅದರಲ್ಲಿ ಸಂಬಳದ ಮಾತಿದೆ. ಗಂಡಸರಿಗೆ ವರ್ಷಕ್ಕೆ 2500 ಡಾಲರ್, ತನಗೆ 1500 ಡಾಲರ್. ಕೇಳಿದರೆ, ಹೆಂಗಸಿಗೆ ಇದೇ ಒಳ್ಳೆಯ ಸಂಬಳ ಅನ್ನುತ್ತಾರೆ. ತನಗೂ ಮನೆ ನಡೆಸಬೇಕು, ಮಗನನ್ನು ಓದಿಸಬೇಕು ಅನ್ನುವುದು ಅವರ ನೋವು. ಕಳೆ ಕೀಳುವ ಕೆಲಸದಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು ಕೂಲಿ ಪಡೆದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಆ ದಿನಚರಿ ಉಳಿದಿದೆ. ಅವರು ಬರೆದಿಟ್ಟದ್ದರಿಂದ ನಮಗೆ ಗೊತ್ತಾಯಿತು.

ಮತ್ತೆ ವಸಿಷ್ಠಕ್ಕೆ ಬರೋಣ. ದುರ್ಬೀನಿನಲ್ಲಿ ಕಂಡ ಎರಡನೆಯ ನಕ್ಷತ್ರವೂ ಜೋಡಿ ಎಂದು 1908ರಲ್ಲಿ ತಿಳಿಯಿತು. ಆ ಜೋಡಿ ಸುಮಾರು ಆರು ತಿಂಗಳಿಗೆ ಒಂದು ಸುತ್ತು ಹಾಕುತ್ತದೆ. ಅಲ್ಲಿಗೆ ವಸಿಷ್ಠ ಅಂದರೆ ನಾಲ್ಕು ನಕ್ಷತ್ರ.

ಅರುಂಧತಿ? ಅವಳು ಬಹಳ ಕಾಲ ಒಬ್ಬಳೇ ಅಂತ ತಿಳಿದಿದ್ದರು. 2009ರಲ್ಲಿ ಅವಳ ಪಕ್ಕದಲ್ಲೂ ಒಂದು ನಕ್ಷತ್ರ ಸಿಕ್ಕಿತು. ಚಿಕ್ಕದು, ಕೆಂಪು ಬಣ್ಣದ್ದು, ಮಂಕಾದದ್ದು. ಅರುಂಧತಿಯ ಬೆಳಕಿನಲ್ಲಿ ಅಷ್ಟು ದಿನ ಮುಚ್ಚಿಹೋಗಿತ್ತು. ನಾಲ್ಕು ಮತ್ತು ಎರಡು, ಒಟ್ಟು ಆರು. ಬರಿಗಣ್ಣಿಗೆ ಎರಡು ಚುಕ್ಕಿ, ಇರುವುದು ಆರು ಸೂರ್ಯರು.

ಯಾರ ಹಿಂದೆ ಯಾರು?

ಹೆಂಡತಿ ಗಂಡನ ಹಿಂದೆ ನಡೆಯಬೇಕು, ಅರುಂಧತಿಯನ್ನು ನೋಡಿ ಕಲಿಯಬೇಕು ಅನ್ನುವವರು ಇದ್ದಾರೆ. ಆಕಾಶದಲ್ಲಿ ವಸಿಷ್ಠ ಮೊದಲು ಮೂಡುತ್ತದೆ, ಸುಮಾರು ಒಂದು ನಿಮಿಷ ಆದ ಮೇಲೆ ಅರುಂಧತಿ ಮೂಡುತ್ತದೆ. ಇದು ನಿಜ. ಆದರೆ ಮೂಡುವುದು ಮುಳುಗುವುದು ಭೂಮಿ ತಿರುಗುವುದರಿಂದ ನಮಗೆ ಕಾಣುವ ನೋಟ. ನಾವು ಬಸ್ಸಿನಲ್ಲಿ ಕೂತಾಗ ದಾರಿ ಬದಿಯ ಮರ ಒಂದರ ಹಿಂದೆ ಒಂದು ಓಡುತ್ತವೆ. ಮರ ಮರದ ಹಿಂದೆ ಓಡುತ್ತಿದೆಯೇ? ಅಲ್ಲಿ ನಿಜವಾಗಿ ವಸಿಷ್ಠ ಮತ್ತು ಅರುಂಧತಿ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ, ಜೊತೆಯಾಗಿ ಸಾಗುತ್ತಿವೆ. ನಡುವೆ ಅಂತರವೂ ಸಾಕಷ್ಟು ಇದೆ. ಭೂಮಿಗೂ ಸೂರ್ಯನಿಗೂ ಇರುವ ದೂರದ ಹತ್ತು ಸಾವಿರ ಪಟ್ಟಿಗೂ ಹೆಚ್ಚು.

ಸಪ್ತರ್ಷಿಗಳಲ್ಲಿ ಐದು ನಕ್ಷತ್ರ ಹೀಗೆ ಒಟ್ಟಿಗೆ ಸಾಗುವ ಒಂದೇ ಬಳಗ. ಸೌಟಿನ ಎರಡು ತುದಿಯ ನಕ್ಷತ್ರಗಳು, ಅಂದರೆ ಕ್ರತು ಮತ್ತು ಮರೀಚಿ, ಬೇರೆ ದಾರಿಯವು. ಲಕ್ಷಗಟ್ಟಲೆ ವರ್ಷ ಕಳೆದರೆ ಸೌಟಿನ ಆಕಾರ ಉಳಿಯುವುದಿಲ್ಲ.

ಮಹಾಭಾರತದಲ್ಲಿ ಒಂದು ಕತೆ ಇದೆ. ಉಳಿದ ಆರು ಋಷಿಗಳ ಹೆಂಡಿರ ಮೇಲೆ ಜನ ಇಲ್ಲದ ಮಾತು ಆಡಿದರಂತೆ. ಅವರದ್ದೇನೂ ತಪ್ಪಿರಲಿಲ್ಲ. ಬೇರೆ ಒಬ್ಬಳು ಅವರ ರೂಪ ತಾಳಿದ್ದಳು. ಆದರೂ ಗಂಡಂದಿರು ಅವರನ್ನು ಬಿಟ್ಟರು. ಆ ಆರು ಜನ ದೂರ ಹೋಗಿ ಕೃತ್ತಿಕೆ ನಕ್ಷತ್ರಗಳಾದರು. ಅರುಂಧತಿ ಒಬ್ಬಳು ಉಳಿದಳು. ಮದುವೆಯಲ್ಲಿ ಉಳಿದವಳನ್ನು ತೋರಿಸುತ್ತಾರೆ. ಕೃತ್ತಿಕೆಯರೂ ಚಳಿಗಾಲದ ಸಂಜೆ ಗೊಂಚಲಾಗಿ ಚೆನ್ನಾಗಿ ಕಾಣುತ್ತಾರೆ. ಅವರನ್ನೂ ನೋಡಿ.

ಎಲ್ಲರಿಗಿಂತ ಹತ್ತಿರದ ನೆರೆಯವರು

ಜೊತೆಗಾರರು ಇರುವ ನಕ್ಷತ್ರ ಇದೊಂದೇ ಅಲ್ಲ. ಆಕಾಶದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುವ ನಕ್ಷತ್ರ ಲುಬ್ಧಕ. ಅದಕ್ಕೂ ಒಬ್ಬ ಜೊತೆಗಾರ ಇದ್ದಾನೆ. 1862ರಲ್ಲಿ ಮೊದಲ ಸಲ ಕಂಡ. ಗಾತ್ರ ನಮ್ಮ ಭೂಮಿಯಷ್ಟು, ತೂಕ ಸೂರ್ಯನಷ್ಟು!

ನಮಗೆ ತೀರ ಹತ್ತಿರದ ಹೊಳೆಯುವ ನಕ್ಷತ್ರವನ್ನು ಅರುಂಧತಿ ನೋಡಿದ ರಾತ್ರಿಯೇ ನೋಡಬಹುದು. ಮೇ ತಿಂಗಳ ನಡುವಿನಲ್ಲಿ ರಾತ್ರಿ ಹತ್ತೂವರೆ, ಹನ್ನೊಂದು ಗಂಟೆಗೆ ದಕ್ಷಿಣಕ್ಕೆ ತಿರುಗಿ ನಿಲ್ಲಿ. ಮರ, ಗುಡ್ಡ ಅಡ್ಡ ಇರಬಾರದು. ನೆಲದಿಂದ ಸ್ವಲ್ಪವೇ ಮೇಲೆ ಎರಡು ಹೊಳೆಯುವ ನಕ್ಷತ್ರ ಅಕ್ಕಪಕ್ಕ ಕಾಣುತ್ತವೆ. ಅದರಲ್ಲಿ ಎಡಗಡೆಯದು ಆಲ್ಫಾ ಸೆಂಟಾರಿ. ಅದರ ಬೆಳಕು ನಾಲ್ಕು ವರ್ಷ ಚಿಲ್ಲರೆಯಲ್ಲಿ ನಮ್ಮನ್ನು ಮುಟ್ಟುತ್ತದೆ. ಅದೂ ಒಂದಲ್ಲ, ಎರಡು. ಸುಮಾರು 80 ವರ್ಷಕ್ಕೆ ಒಂದು ಸುತ್ತಿನಂತೆ ಫುಗಡಿ ಆಡುತ್ತಿವೆ. ಎರಡು ಎಂದು ಮೊದಲು ಕಂಡವರು ರಿಶೋ ಎಂಬ ಪಾದ್ರಿ. ಕಂಡದ್ದು ನಮ್ಮ ಪಕ್ಕದ ಪುದುಚೇರಿಯಲ್ಲಿ, 1689ರಲ್ಲಿ. ಅವುಗಳ ಮೂರನೆಯ ಜೊತೆಗಾರ 1915ರಲ್ಲಿ ಸಿಕ್ಕಿತು. ಹೆಸರು ಪ್ರಾಕ್ಸಿಮಾ. ನಮ್ಮ ಸೂರ್ಯನನ್ನು ಬಿಟ್ಟರೆ ಎಲ್ಲಾ ನಕ್ಷತ್ರಗಳಿಗಿಂತ ನಮಗೆ ಹತ್ತಿರ ಇರುವುದು ಇದೇ. ಆದರೆ ಬಹಳ ಮಂಕು, ಬರಿಗಣ್ಣಿಗೆ ಕಾಣುವುದಿಲ್ಲ. ಇದು ಎಷ್ಟು ಚುರುಕು ಕಣ್ಣಿನವರಿಗೂ ಕಾಣುವುದಿಲ್ಲ.